ಶಾಲೆಯ ಗ್ರಂಥಾಲಯ: ಬೀಗ ತೆರೆಯಲಿ, ಕನ್ನಡ ಉಳಿಯಲಿ



ಪ್ರತಿವರ್ಷ ಶಾಲೆ ತೆರೆಯುವ ಹೊತ್ತಿಗೆ ನಾವು ನೀವೆಲ್ಲ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ. ಕನ್ನಡ ಪಠ್ಯಪುಸ್ತಕ ಬಂತೆ? ಖಾಲಿಯಿದ್ದ ಹುದ್ದೆಗೆ ಕನ್ನಡ ಬಲ್ಲ ಅಧ್ಯಾಪಕರೇ ಬಂದರೆ? ತರಗತಿ ಉಳಿಯುವಷ್ಟು ಮಕ್ಕಳು ಸೇರಿದರೆ? ಇವು ಕೇಳಲೇಬೇಕಾದ ಪ್ರಶ್ನೆಗಳು. ಈ ಪತ್ರಿಕೆಯೂ ಇವನ್ನೇ ಕೇಳುತ್ತ ಬಂದಿದೆ. ಆದರೆ ನಾವು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ನಮ್ಮ ಶಾಲೆಯ ಗ್ರಂಥಾಲಯ ಎಲ್ಲಿದೆ? ಅದರ ಬೀಗದ ಕೈ ಯಾರ ಬಳಿ ಇದೆ? ಅಲ್ಲಿಂದ ನನ್ನ ಮಗು ಕಳೆದ ವರ್ಷ ಎಷ್ಟು ಕನ್ನಡ ಪುಸ್ತಕಗಳನ್ನು ಮನೆಗೆ ತಂದಿತು?

ನಮ್ಮಲ್ಲಿ ಹಲವರು ಕಣ್ಣಾರೆ ಕಂಡ ದೃಶ್ಯವೊಂದನ್ನು ನೆನಪಿಸಿಕೊಳ್ಳೋಣ. ಮುಖ್ಯೋಪಾಧ್ಯಾಯರ ಕೊಠಡಿಯ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು. ಅದರ ಬಾಗಿಲಿಗೆ 'ಗ್ರಂಥಾಲಯ' ಎಂದು ಬರೆದ ಕಾಗದ. ಒಳಗೆ ಎಂದೋ ದಾನವಾಗಿ ಬಂದ ಗ್ರಂಥಗಳು, ಬದಲಾದ ಪಠ್ಯಕ್ರಮದ ಹಳೆಯ ಗೈಡುಗಳು, ನಡುವೆ ಹತ್ತಿಪ್ಪತ್ತು ಮಕ್ಕಳ ಕಥೆ ಪುಸ್ತಕಗಳು. ತಪಾಸಣೆಗೆ ಮೇಲಧಿಕಾರಿಗಳು ಬಂದ ದಿನ ಬೀರು ತೆರೆಯುತ್ತದೆ, ಸಂಜೆಗೆ ಮುಚ್ಚುತ್ತದೆ. ಇದಕ್ಕೆ ಅಧ್ಯಾಪಕರನ್ನು ದೂರಿ ಪ್ರಯೋಜನವಿಲ್ಲ. ಕಾರಣ ಬೇರೆಯೇ ಇದೆ. ಅದನ್ನು ಮುಂದೆ ಹೇಳುತ್ತೇವೆ.

ಮೊದಲು, ಗಡಿಯಾಚೆಯ ಕನ್ನಡ ಮಗುವಿಗೆ ಈ ಬೀರು ಏಕೆ ಮುಖ್ಯ ಎಂಬುದನ್ನು ನೋಡೋಣ. ಮೈಸೂರಿನಲ್ಲೋ ಧಾರವಾಡದಲ್ಲೋ ಓದುವ ಮಗುವಿಗೆ ಶಾಲೆಯ ಗ್ರಂಥಾಲಯ ಇಲ್ಲದಿದ್ದರೂ ಕನ್ನಡದ ಅಕ್ಷರ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಬಸ್ಸಿನ ಫಲಕ, ಅಂಗಡಿಯ ಹೆಸರು, ಗೋಡೆಯ ಮೇಲಿನ ಸಿನಿಮಾ ಭಿತ್ತಿಪತ್ರ, ಕಡಲೆಕಾಯಿ ಕಟ್ಟಿಕೊಟ್ಟ ಪೇಪರಿನ ಚೂರು, ಎಲ್ಲವೂ ಅದಕ್ಕೆ ಓದಿನ ಪಾಠ. ನಮ್ಮ ಮಕ್ಕಳಿಗೆ ಆ ಭಾಗ್ಯವಿಲ್ಲ. ಶಾಲೆಯ ಗೇಟು ದಾಟಿದರೆ ಒಂದು ಕಡೆ ಮಲಯಾಳಂ, ಇನ್ನೊಂದು ಕಡೆ ಮರಾಠಿ, ಮತ್ತೊಂದು ಕಡೆ ತಮಿಳು, ತೆಲುಗು. ಆ ಭಾಷೆಗಳ ಮೇಲೆ ನಮಗೆ ದ್ವೇಷವಿಲ್ಲ; ಅವು ನಮ್ಮ ನೆರೆಹೊರೆಯ ಭಾಷೆಗಳು, ನಮ್ಮ ಮಕ್ಕಳು ಅವನ್ನು ಚೆನ್ನಾಗಿ ಕಲಿಯಬೇಕು. ಆದರೆ ಪಠ್ಯಪುಸ್ತಕದ ಹೊರಗೆ ಕನ್ನಡದಲ್ಲಿ ಅಚ್ಚಾದ ಇನ್ನೊಂದು ಪುಟವನ್ನು ನೋಡದೆಯೇ ಏಳನೆಯ ತರಗತಿ ಮುಗಿಸುವ ಮಗು, ಕನ್ನಡವೆಂದರೆ ಪರೀಕ್ಷೆಗೆ ಓದುವ ಒಂದು ವಿಷಯ ಎಂದಷ್ಟೇ ತಿಳಿಯುತ್ತದೆ. ಮುಂದೆ ಮಾಧ್ಯಮ ಬದಲಾಯಿಸುವಾಗ ಅದಕ್ಕೆ ಏನನ್ನೋ ಬಿಟ್ಟುಹೋಗುತ್ತಿದ್ದೇನೆ ಎಂದು ಅನ್ನಿಸುವುದೇ ಇಲ್ಲ.

ಇನ್ನೊಂದು ಸಂಗತಿಯನ್ನೂ ಒಪ್ಪಿಕೊಳ್ಳಬೇಕು. ನಮ್ಮ ಕನ್ನಡ ಮಾಧ್ಯಮ ಶಾಲೆಗಳಿಗೆ ಬರುವ ಮಕ್ಕಳೆಲ್ಲರ ಮನೆಮಾತು ಕನ್ನಡವಲ್ಲ. ಕಾಸರಗೋಡಿನಲ್ಲಿ ತುಳು, ಕೊಂಕಣಿ, ಹವ್ಯಕ, ಬ್ಯಾರಿ, ಮರಾಠಿ ಆಡುವ ಮನೆಗಳಿಂದ ಮಕ್ಕಳು ಬರುತ್ತಾರೆ. ನೀಲಗಿರಿಯಲ್ಲಿ ಬಡಗ ನುಡಿಯ ಮನೆಗಳಿವೆ. ಇಂಥ ಮಗುವಿಗೆ ಬರೆಹದ ಕನ್ನಡ ಒಗ್ಗಬೇಕಾದರೆ ಪಾಠ ಸಾಲದು. ಕಥೆ ಬೇಕು, ಚಿತ್ರ ಬೇಕು, ಮತ್ತೆ ಮತ್ತೆ ಓದಿ ನಗುವಂಥ ಪುಸ್ತಕ ಬೇಕು. ಅದು ಸಿಗುವ ಒಂದೇ ಜಾಗ ಶಾಲೆಯ ಗ್ರಂಥಾಲಯ.

ಈಗ ಎಲ್ಲ ರಾಜ್ಯಗಳಲ್ಲೂ ಶಾಲಾ ಗ್ರಂಥಾಲಯವನ್ನು ಆಧುನಿಕಗೊಳಿಸುವ ಮಾತು ಕೇಳಿಬರುತ್ತಿದೆ. ಸಾಲುಸಾಲು ಬೆಂಚು ಹಾಕಿ, ಸದ್ದು ಮಾಡಬೇಡಿ ಎಂದು ಗದರಿಸುವ ಕೋಣೆಯ ಬದಲಿಗೆ, ಮಕ್ಕಳು ಬೇಕಾದಂತೆ ಕುಳಿತು ಓದುವ, ಗುಂಪಾಗಿ ಚರ್ಚಿಸುವ, ಕಂಪ್ಯೂಟರಿನಲ್ಲಿ ಹುಡುಕುವ, ಬರೆಯುವ, ಕಥೆ ಹೇಳುವ ಕಲಿಕೆಯ ಕೊಠಡಿ ಬೇಕು ಎಂಬುದು ಇಂದಿನ ವಿಚಾರ. ಇದು ಒಳ್ಳೆಯ ವಿಚಾರ. ನಾವು ಮನಃಪೂರ್ವಕ ಸ್ವಾಗತಿಸುತ್ತೇವೆ. ನಮ್ಮ ಪಕ್ಕದಲ್ಲೇ ಇದರ ಉದಾಹರಣೆಯೂ ಇದೆ. ಕರ್ನಾಟಕದಲ್ಲಿ 2019ರಲ್ಲಿ ಗ್ರಾಮೀಣ ಗ್ರಂಥಾಲಯಗಳು ಗ್ರಾಮ ಪಂಚಾಯತಿಗಳ ಆಡಳಿತಕ್ಕೆ ಬಂದವು. 2020ರ ನವೆಂಬರಿನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಒಂದು ಕಾಲಕ್ಕೆ ಪತ್ರಿಕೆ ಓದುವ ಹಿರಿಯರಷ್ಟೇ ಬರುತ್ತಿದ್ದ ಅನೇಕ ಕೋಣೆಗಳಲ್ಲಿ ಇಂದು ಮಕ್ಕಳ ಮೂಲೆ, ಬಣ್ಣದ ಗೋಡೆ, ಕಂಪ್ಯೂಟರ್ ಬಂದಿವೆ. 'ಅರಿವು ಕೇಂದ್ರ' ಎಂಬ ಹೊಸ ಹೆಸರೂ ಬಂದಿದೆ.

ಆದರೆ ಗಡಿಯ ಈಚೆ ಈ ಬದಲಾವಣೆ ಬರುವಾಗ ನಮಗೊಂದು ಆತಂಕವಿದೆ. ಹೊಸ ಕೊಠಡಿಗೆ ಹಣ ಬರುತ್ತದೆ, ಜೊತೆಗೆ ರಾಜಧಾನಿಯಲ್ಲಿ ತಯಾರಾದ ಪುಸ್ತಕಪಟ್ಟಿಯೂ ಬರುತ್ತದೆ. ಆ ಪಟ್ಟಿಯಲ್ಲಿ ಕನ್ನಡ ಪುಸ್ತಕ ಇದೆಯೇ ಎಂದು ಯಾರೂ ಕೇಳದಿದ್ದರೆ ಇರುವುದಿಲ್ಲ. ಗೋಡೆಗೆ ಬಣ್ಣ ಬಳಿಯಲು ಬೀರು ಖಾಲಿಯಾಗುತ್ತದೆ. ಹಳೆಯ ಕನ್ನಡ ಪುಸ್ತಕಗಳು ಗೋಣಿಚೀಲ ಸೇರುತ್ತವೆ. ಹೊಸ ಕಪಾಟಿಗೆ ಅವು ಹಿಂದಿರುಗುವುದಿಲ್ಲ. ಕಂಪ್ಯೂಟರ್ ಬರುತ್ತದೆ, ಅದರಲ್ಲಿ ಕನ್ನಡ ಕೀಲಿಮಣೆ ಇರುವುದಿಲ್ಲ. ಯಾರೂ ಕೆಟ್ಟದ್ದನ್ನು ಬಯಸದೆಯೇ ನಮ್ಮ ಮಕ್ಕಳ ಗ್ರಂಥಾಲಯ ಅವರ ಭಾಷೆಯಿಲ್ಲದ ಕೊಠಡಿಯಾಗಿಬಿಡಬಹುದು. ಆದ್ದರಿಂದಲೇ ಈ ವಿಚಾರವನ್ನು ಇಲಾಖೆಗೂ ಅಧ್ಯಾಪಕರಿಗೂ ಬಿಟ್ಟು ಸುಮ್ಮನಿರುವಂತಿಲ್ಲ. ಕೊಠಡಿ ಹೇಗಿರಬೇಕು, ಅದರಲ್ಲಿ ಯಾವ ಭಾಷೆ ಇರಬೇಕು ಎಂದು ಹೇಳುವ ಅಧಿಕಾರ ಪೋಷಕರಾದ ತಮಗೆ ಇದೆ.

ಆ ಅಧಿಕಾರ ಎಲ್ಲಿಂದ ಬಂತು ಎಂಬುದನ್ನು ತಿಳಿದಿರುವುದು ಒಳ್ಳೆಯದು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ, ಗಡಿರೇಖೆಯ ಆಚೀಚೆ ಉಳಿದುಹೋಗುವ ಜನರ ಚಿಂತೆಯಿಂದಲೇ ಸಂವಿಧಾನಕ್ಕೆ ಏಳನೆಯ ತಿದ್ದುಪಡಿಯ ಮೂಲಕ 350-ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ನೀಡಲು ತಕ್ಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಅದು ಹೇಳುತ್ತದೆ. ಓದಲು ಪುಸ್ತಕವಿಲ್ಲದ ಕೊಠಡಿಯನ್ನು ತಕ್ಕಷ್ಟು ಸೌಲಭ್ಯ ಎಂದು ಯಾರೂ ಹೇಳಲಾರರು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯ ಪ್ರಕಾರ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು. ಅಲ್ಲಿ ಪತ್ರಿಕೆ, ನಿಯತಕಾಲಿಕ, ಕಥೆ ಪುಸ್ತಕಗಳೂ ಸೇರಿ ಎಲ್ಲ ವಿಷಯಗಳ ಪುಸ್ತಕಗಳು ಇರಬೇಕು. ಯಾವ ಭಾಷೆಯಲ್ಲಿ ಎಂದು ಅನುಸೂಚಿ ಹೇಳಿಲ್ಲ. ಆ ಖಾಲಿ ಜಾಗವನ್ನು ತುಂಬಬೇಕಾದವರು ನಾವೇ.

ತುಂಬುವ ದಾರಿಯನ್ನೂ ಅದೇ ಕಾಯಿದೆ ತೋರಿಸಿದೆ. 21ನೆಯ ಪ್ರಕರಣದಂತೆ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಶಾಲಾ ನಿರ್ವಹಣಾ ಸಮಿತಿ ಇರಬೇಕು. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. 22ನೆಯ ಪ್ರಕರಣದಂತೆ ಸರಕಾರಿ ಶಾಲೆಗಳ ಸಮಿತಿ ಶಾಲಾಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕು. ಅಲ್ಪಸಂಖ್ಯಾತ ಸಂಸ್ಥೆಗಳು ನಡೆಸುವ ಶಾಲೆಗಳಲ್ಲೂ ಇತರ ಅನುದಾನಿತ ಶಾಲೆಗಳಲ್ಲೂ 2012ರ ತಿದ್ದುಪಡಿಯ ನಂತರ ಸಮಿತಿಗೆ ಸಲಹೆ ನೀಡುವ ಕೆಲಸವಷ್ಟೇ ಇದೆ. ಅಲ್ಲಿ ಆಡಳಿತ ಮಂಡಳಿಯ ಜೊತೆಗೂಡಿ ನಡೆಯಬೇಕು. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರಕಾರಿ ಶಾಲೆಗಳ ಗ್ರಂಥಾಲಯಕ್ಕೆಂದು ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನಕ್ಕೆ ಅವಕಾಶ ಮಾಡಲಾಯಿತು. ಈ ಬಾಬಿನಲ್ಲಿ ನಮ್ಮ ಶಾಲೆಗೆ ಎಷ್ಟು ಬಂತು, ಅದರಲ್ಲಿ ಕನ್ನಡ ಪುಸ್ತಕಕ್ಕೆ ಎಷ್ಟು ಖರ್ಚಾಯಿತು ಎಂದು ಸಮಿತಿಯ ಸಭೆಯಲ್ಲಿ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಮನವಿ ಬರೆಯಲು ಆಡಳಿತದ ಭಾಷೆ ಬಾರದು ಎಂದು ಹಿಂಜರಿಯಬೇಡಿ. ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ.

ಇನ್ನು ಬೀಗದ ವಿಚಾರ. ಬೀರು ಮುಚ್ಚಿರಲು ನಿಜವಾದ ಕಾರಣ ಭಯ. ದಾಸ್ತಾನು ಪುಸ್ತಕದಲ್ಲಿ ಬರೆದ ಒಂದು ಪುಸ್ತಕ ಕಳೆದರೂ ಲೆಕ್ಕ ತಪಾಸಣೆಯಲ್ಲಿ ಅದರ ಬೆಲೆಯನ್ನು ತಾವೇ ತೆರಬೇಕಾಗಬಹುದು ಎಂದು ಹೊಣೆ ಹೊತ್ತ ಅಧ್ಯಾಪಕರು ಅಂಜುತ್ತಾರೆ. ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಾವಳಿಯಲ್ಲಿ ಈ ಬಗ್ಗೆ ವಿವೇಕದ ಮಾತಿದೆ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಗಳಿಗೆ 5 ಪುಸ್ತಕ ಕಳೆದರೆ, ಅದರಲ್ಲಿ ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಇಲ್ಲದಿದ್ದರೆ, ಅದನ್ನು ಸಹಜ ನಷ್ಟವೆಂದು ಪರಿಗಣಿಸಬಹುದು. 1,000 ರೂಪಾಯಿಗೆ ಮೇಲ್ಪಟ್ಟ ಬೆಲೆಯ ಪುಸ್ತಕ ಅಥವಾ ಅಪರೂಪದ ಪುಸ್ತಕ ಕಳೆದರೆ ವಿಚಾರಣೆ ಆಗಲೇಬೇಕು. ಇದು ಕೇಂದ್ರದ ಕಚೇರಿಗಳ ನಿಯಮ, ರಾಜ್ಯಗಳಿಗೆ ಅವುಗಳದೇ ನಿಯಮಗಳಿವೆ. ಆದರೆ ಓದಲು ಕೊಟ್ಟ ಪುಸ್ತಕಗಳಲ್ಲಿ ಕೆಲವು ಸವೆಯುತ್ತವೆ, ಕೆಲವು ಕಳೆಯುತ್ತವೆ ಎಂಬ ಸತ್ಯವನ್ನು ಸರಕಾರವೇ ಒಪ್ಪಿದೆ ಎಂಬುದಕ್ಕೆ ಇದು ಸಾಕ್ಷಿ. ನಮ್ಮ ಶಾಲಾ ಸಮಿತಿಗಳೂ ಇಂಥ ಒಂದು ನಿರ್ಣಯವನ್ನು ಮಾಡಿ ಅಧ್ಯಾಪಕರ ಬೆನ್ನಿಗೆ ನಿಂತರೆ ಬೀರು ತಾನಾಗಿ ತೆರೆಯುತ್ತದೆ. ಹರಿದ ಪುಸ್ತಕಕ್ಕೆ ಅಂಟು ಹಚ್ಚಿ ಹೊಲಿಯುವ ಕೆಲಸವನ್ನು ತಿಂಗಳಿಗೊಮ್ಮೆ ನಾವೇ ಕುಳಿತು ಮಾಡಬಹುದು.

ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಡಾ. ಎಸ್.ಆರ್. ರಂಗನಾಥನ್ ಅವರನ್ನು ಇಲ್ಲಿ ನೆನೆಯಬೇಕು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಆಗ ಕಾಸರಗೋಡು, ನೀಲಗಿರಿ, ಹೊಸೂರು, ಆದವಾನಿ, ರಾಯದುರ್ಗ, ಮಡಕಶಿರಾ ಎಲ್ಲವೂ ಮದರಾಸು ಪ್ರಾಂತ್ಯದಲ್ಲೇ ಇದ್ದವು. 1931ರಲ್ಲಿ ಅವರು ಮುಂದಿಟ್ಟ ಐದು ಸೂತ್ರಗಳ ಸಾರ ಇಷ್ಟು: ಪುಸ್ತಕಗಳು ಬಳಕೆಗಾಗಿ ಇವೆ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಸಮಯ ಉಳಿಯಬೇಕು, ಗ್ರಂಥಾಲಯವು ಬೆಳೆಯುವ ಜೀವಿಯಂತಿರಬೇಕು. ಹೊಸ ಕಾಲದ ಹೊಂದಾಣಿಕೆಯ ಕೊಠಡಿ ಎಂದು ಇಂದು ಹೇಳುತ್ತಿರುವುದಕ್ಕೆಲ್ಲ ಬೀಜ ಇಲ್ಲಿಯೇ ಇದೆ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಎಂಬ ಮಾತು ಮಂಜೇಶ್ವರದ ಮೂರನೆಯ ತರಗತಿಯ ಮಗುವಿಗೂ ಅಕ್ಕಲಕೋಟೆಯ ಆರನೆಯ ತರಗತಿಯ ಮಗುವಿಗೂ ಸಲ್ಲುತ್ತದೆ.

ಹಾಗಾದರೆ ಕೊಠಡಿ ಹೇಗಿರಬೇಕು? ಇದಕ್ಕೆ ಲಕ್ಷಗಟ್ಟಲೆ ಹಣ ಬೇಕು ಎಂದು ಗಾಬರಿಯಾಗಬೇಕಿಲ್ಲ. ಮಕ್ಕಳ ಸಂಖ್ಯೆ ಇಳಿದ ನಮ್ಮ ಅನೇಕ ಶಾಲೆಗಳಲ್ಲಿ ಖಾಲಿ ಬಿದ್ದ ತರಗತಿ ಕೋಣೆಯೊಂದು ಇರುತ್ತದೆ. ಅಲ್ಲಿ ಎತ್ತರದ ಬೀರು ಬೇಡ. ಒಂದನೆಯ ತರಗತಿಯ ಮಗುವಿನ ಕೈಗೆ ಎಟಕುವ, ನಾಲ್ಕು ಅಡಿ ಮೀರದ ತೆರೆದ ಕಪಾಟು ಸಾಕು. ಚಿಕ್ಕ ಮಕ್ಕಳ ಪುಸ್ತಕಗಳನ್ನು ಬೆನ್ನು ಕಾಣುವಂತೆ ಒತ್ತಿ ಜೋಡಿಸದೆ ಮುಖಪುಟ ಕಾಣುವಂತೆ ಇಡಬೇಕು. ಗೋಡೆಯುದ್ದಕ್ಕೆ ಹಗ್ಗ ಕಟ್ಟಿ ತೂಗುಹಾಕಿದರೂ ಸರಿ. ಕಪಾಟಿಗೆ ಚಕ್ರ ಹಾಕಿಸಿದರೆ ಬೇಕೆಂದಾಗ ಪಕ್ಕಕ್ಕೆ ಸರಿಸಿ ಕೋಣೆಯನ್ನು ಸಭೆಗೂ ನಾಟಕಕ್ಕೂ ಬಳಸಬಹುದು. ನೆಲಕ್ಕೆ ಚಾಪೆ, ಮಡಚುವ ಮೇಜು, ಕಿಟಕಿಯ ಬಳಿ ಒಬ್ಬರೇ ಕುಳಿತು ಓದುವ ಜಾಗ, ಇನ್ನೊಂದು ಮೂಲೆಯಲ್ಲಿ ಗುಂಪಾಗಿ ಮಾತಾಡುವ ಜಾಗ. ಬಹುತರಗತಿ ಬೋಧನೆ ನಡೆಯುವ ಶಾಲೆಯಲ್ಲಿ ಇಬ್ಬರೇ ಅಧ್ಯಾಪಕರಿದ್ದಾಗ, ಒಂದು ತರಗತಿ ಪಾಠ ಕೇಳುತ್ತಿರುವ ಹೊತ್ತು ಇನ್ನೊಂದು ತರಗತಿ ಸುಮ್ಮನೆ ಕೂರುವ ಬದಲು ಇಲ್ಲಿ ಓದಬಹುದು. ಪುಸ್ತಕ ಕೊಡುವ, ತೆಗೆದುಕೊಳ್ಳುವ ಲೆಕ್ಕವನ್ನು ಮೇಲಿನ ತರಗತಿಯ ಮಕ್ಕಳೇ ಬರೆಯಲಿ. ವೇಳಾಪಟ್ಟಿಯಲ್ಲಿ ವಾರಕ್ಕೆ ಒಂದಾದರೂ ಗ್ರಂಥಾಲಯ ಅವಧಿ ಇರಲಿ. ಅದನ್ನು ಗಣಿತದ ಉಳಿದ ಪಾಠಕ್ಕೆ ಎತ್ತಿಕೊಳ್ಳದಿರಲಿ.

ಕಪಾಟಿನಲ್ಲಿ ಏನಿರಬೇಕು? ದಾನದ ಪುಸ್ತಕ ಎಂದರೆ ನಮ್ಮವರು ಮನೆಯಲ್ಲಿ ಬೇಡವಾದ ದಪ್ಪ ಗ್ರಂಥಗಳನ್ನು ಕೊಟ್ಟು ಕೈತೊಳೆದುಕೊಳ್ಳುವುದುಂಟು. ಇನ್ನು ಮುಂದೆ ಹಾಗಾಗದಿರಲಿ. ಎಂಟು ವರ್ಷದ ಮಗುವಿಗೆ ಎಂಟು ವರ್ಷದವರ ಪುಸ್ತಕವೇ ಬೇಕು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ, ನವಕರ್ನಾಟಕ ಪ್ರಕಾಶನ, ಪ್ರಥಮ್ ಬುಕ್ಸ್ ಮೊದಲಾದವು ಮಕ್ಕಳಿಗೆಂದೇ ಕನ್ನಡ ಪುಸ್ತಕಗಳನ್ನು ತಂದಿವೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದಲ್ಲಿ ಕನ್ನಡವೂ ಸೇರಿ ಅನೇಕ ಭಾಷೆಗಳ ಚಿತ್ರಕಥೆಗಳನ್ನು ಯಾರು ಬೇಕಾದರೂ ಓದಬಹುದು, ಇಳಿಸಿಕೊಂಡು ಮುದ್ರಿಸಬಹುದು, ಅನುವಾದಿಸಲೂಬಹುದು. ಒಂದೇ ಕಥೆಯನ್ನು ಕನ್ನಡದಲ್ಲೂ ಆ ರಾಜ್ಯದ ಭಾಷೆಯಲ್ಲೂ ಮುದ್ರಿಸಿ ಪಕ್ಕಪಕ್ಕದಲ್ಲಿ ಇಟ್ಟರೆ ಮಗು ಎರಡನ್ನೂ ಕಲಿಯುತ್ತದೆ. ಕಂಪ್ಯೂಟರ್ ಇದ್ದಲ್ಲಿ ಯೂನಿಕೋಡ್ ಕನ್ನಡ ಕೀಲಿಮಣೆ ಇದೆಯೇ ಎಂದು ಮೊದಲು ನೋಡಿ. ಕರ್ನಾಟಕ ಸರಕಾರದ 'ಕಣಜ', ಕನ್ನಡ ವಿಕಿಪೀಡಿಯ ಮಕ್ಕಳಿಗೆ ಪರಿಚಯವಾಗಲಿ. ದಿನಪತ್ರಿಕೆ ಒಂದು ಕನ್ನಡದ್ದು, ಒಂದು ರಾಜ್ಯಭಾಷೆಯದ್ದು ಇರಲಿ.

ಜೊತೆಗೆ ಪ್ರತಿ ಗ್ರಂಥಾಲಯದಲ್ಲೂ 'ನಮ್ಮೂರು' ಎಂಬ ಒಂದು ಮೂಲೆ ಇರಲಿ ಎಂಬುದು ನಮ್ಮ ಸಲಹೆ. ಸೊಲ್ಲಾಪುರದ ಮಗುವಿಗೆ, ತನ್ನ ಊರು ಹನ್ನೆರಡನೆಯ ಶತಮಾನದ ವಚನಕಾರ ಸಿದ್ಧರಾಮನ ಸೊನ್ನಲಿಗೆ ಎಂದು ಅಲ್ಲಿ ತಿಳಿಯಲಿ. ಕಾಸರಗೋಡಿನ ಮಗು ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನನ್ನೂ ಮಂಜೇಶ್ವರದ ಗೋವಿಂದ ಪೈಗಳನ್ನೂ ಕಯ್ಯಾರ ಕಿಞ್ಞಣ್ಣ ರೈಗಳನ್ನೂ ಅಲ್ಲಿ ಕಾಣಲಿ. ಮಡಕಶಿರಾದ ಮಗು, ಹತ್ತಿರದ ಹೇಮಾವತಿಯೇ ನೊಳಂಬರ ರಾಜಧಾನಿ ಹೆಂಜೇರು ಎಂದು ಅರಿಯಲಿ. ತಾಳವಾಡಿಯ ಮಗುವಿಗೆ ಡಾ. ರಾಜಕುಮಾರ್ ಹುಟ್ಟಿದ ಗಾಜನೂರು ತನ್ನ ನೆರೆಯ ಹಳ್ಳಿ ಎಂಬ ಹೆಮ್ಮೆ ಇರಲಿ. ಕನ್ನಡ ನಮ್ಮ ಊರಿಗೆ ಎಲ್ಲಿಂದಲೋ ಬಂದ ಭಾಷೆಯಲ್ಲ ಎಂಬ ಅರಿವು ಮಗುವಿಗೆ ಭಾಷಣದಿಂದ ಬರುವುದಿಲ್ಲ, ಇಂಥ ಮೂಲೆಯಿಂದ ಬರುತ್ತದೆ.

ಆ ಮೂಲೆಗೆ ಅಚ್ಚಿನ ಪುಸ್ತಕ ಸಿಗದಿದ್ದರೆ ಮಕ್ಕಳೇ ಬರೆಯಲಿ. ಅಕ್ಷರ ಬಾರದ ಅಜ್ಜಿಯನ್ನು ಒಂದು ಶನಿವಾರ ಶಾಲೆಗೆ ಕರೆತನ್ನಿ. ಅವರು ತುಳುವಿನಲ್ಲೋ ಬಡಗದಲ್ಲೋ ತಮ್ಮ ಸೀಮೆಯ ಕನ್ನಡದಲ್ಲೋ ಕಥೆ ಹೇಳಲಿ; ಮಕ್ಕಳು ಅದನ್ನು ಕನ್ನಡ ಅಕ್ಷರದಲ್ಲಿ ಬರೆದು, ಚಿತ್ರ ಬಿಡಿಸಿ, ಹೊಲಿದು ಕಪಾಟಿನಲ್ಲಿ ಇಡಲಿ. ಕೈಬರಹದ ಪತ್ರಿಕೆ ನಮ್ಮ ಶಾಲೆಗಳಿಗೆ ಹೊಸತೇನಲ್ಲ. ನನಗೆ ಓದು ಬಾರದು, ಗ್ರಂಥಾಲಯಕ್ಕೆ ನಾನೇನು ಕೊಡಲಿ ಎನ್ನುವ ತಾಯಂದಿರಿಗೆ ನಮ್ಮ ಉತ್ತರ ಇದೇ.

ಕಥೆ ಪುಸ್ತಕ ಓದುತ್ತ ಕೂತರೆ ಅಂಕ ಕಡಿಮೆಯಾಗುತ್ತದೆ ಎಂದು ಕೆಲವರು ಹೇಳಬಹುದು. ಓದಿನ ವೇಗ ಮತ್ತು ಶಬ್ದಸಂಪತ್ತು ಬೆಳೆದ ಮಗು ಸಮಾಜ ಪಾಠವನ್ನೂ ವಿಜ್ಞಾನ ಪಾಠವನ್ನೂ ತಾನೇ ಓದಿ ಅರ್ಥ ಮಾಡಿಕೊಳ್ಳುತ್ತದೆ. ಗೈಡಿನ ಉತ್ತರವನ್ನು ಉರುಹೊಡೆಯುವ ಅಗತ್ಯ ಕಡಿಮೆಯಾಗುತ್ತದೆ. ಇನ್ನು ಕೆಲವರು, ಮಕ್ಕಳೇ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಿರುವಾಗ ಗ್ರಂಥಾಲಯ ಯಾರಿಗೆ ಎನ್ನಬಹುದು. ಪಕ್ಕದ ಖಾಸಗಿ ಶಾಲೆಯಲ್ಲಿ ವ್ಯಾನು, ಟೈ, ಬೂಟು ಇರುವುದು ನಿಜ. ಅದರ ಜೊತೆ ನಾವು ವ್ಯಾನಿನಲ್ಲಿ ಸ್ಪರ್ಧಿಸಲಾರೆವು. ಮಗು ಸಂಜೆ ಮನೆಗೆ ಹೋಗಲು ಒಲ್ಲದೆ ಓದುತ್ತ ಕೂರುವಂಥ ಒಂದು ಕೋಣೆಯಿದ್ದರೆ ಸ್ಪರ್ಧಿಸಬಲ್ಲೆವು.

ಕೊನೆಯದಾಗಿ, ಈ ವರ್ಷ ಪ್ರತಿ ಶಾಲೆಯ ಪೋಷಕರು ಮಾಡಬಹುದಾದ ಕೆಲವು ಕೆಲಸಗಳು. ಮೊದಲನೆಯದು, ಬೀರುವಿನಲ್ಲಿ ಏನಿದೆ ಎಂದು ಅಧ್ಯಾಪಕರ ಜೊತೆ ಕುಳಿತು ಪಟ್ಟಿ ಮಾಡಿ. ಮಕ್ಕಳು ಓದಬಹುದಾದ ಕನ್ನಡ ಪುಸ್ತಕಗಳನ್ನು ಬೇರೆಯಾಗಿ ಎಣಿಸಿ. ಎರಡನೆಯದು, ಶಾಲಾಭಿವೃದ್ಧಿ ಯೋಜನೆಯಲ್ಲಿ ಗ್ರಂಥಾಲಯ ಎಂದಷ್ಟೇ ಬರೆಯದೆ 'ಕನ್ನಡ ಪುಸ್ತಕಗಳು, ಕನ್ನಡ ಪತ್ರಿಕೆ, ಕಂಪ್ಯೂಟರಿನಲ್ಲಿ ಕನ್ನಡ' ಎಂದು ಬಿಡಿಸಿ ಬರೆಸಿ. ಮೂರನೆಯದು, ಕೊಠಡಿ ನವೀಕರಣಕ್ಕೆ ಬಂದಾಗ ಹಳೆಯ ಕನ್ನಡ ಪುಸ್ತಕಗಳನ್ನು ಪಟ್ಟಿಯೊಡನೆ ಕೆಳಗಿಳಿಸಿ, ಪಟ್ಟಿ ನೋಡಿ ಮತ್ತೆ ಏರಿಸಿ. ನಾಲ್ಕನೆಯದು, ಅನುದಾನಿತ ಶಾಲೆಗಳಿಗೆ ಬೇರೆ ದಾರಿ ಹುಡುಕಿ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ಆಡಳಿತ ಮಂಡಳಿಯಿಂದ ಅರ್ಜಿ ಹಾಕಿಸಿ. ಐದನೆಯದು, ಓದಿನ ಹಬ್ಬಗಳನ್ನು ನಮ್ಮದಾಗಿಸಿಕೊಳ್ಳಿ. ಕೇರಳದ ಗ್ರಂಥಾಲಯ ಚಳವಳಿಯ ಪಿ.ಎನ್. ಪಣಿಕ್ಕರ್ ನಿಧನರಾದ ಜೂನ್ 19 ಅಲ್ಲಿ ವಾಚನಾ ದಿನ. ಮಹಾರಾಷ್ಟ್ರದಲ್ಲಿ 2015ರಿಂದ ಡಾ. ಅಬ್ದುಲ್ ಕಲಾಂ ಅವರ ಜನ್ಮದಿನ ಅಕ್ಟೋಬರ್ 15 ವಾಚನ ಪ್ರೇರಣಾ ದಿನ. ಆ ದಿನ ನಮ್ಮ ಶಾಲೆಯಲ್ಲಿ ಪ್ರತಿ ಮಗುವಿನ ಕೈಯಲ್ಲೂ ಒಂದು ಕನ್ನಡ ಪುಸ್ತಕ ಇರಲಿ.

1945ರಲ್ಲಿ ಅಂಬಲಪ್ಪುಳದಲ್ಲಿ ಪಣಿಕ್ಕರ್ ಅವರು ಗ್ರಂಥಶಾಲಾ ಸಂಘ ಕಟ್ಟಿದಾಗ ಸೇರಿದ್ದು 47 ಗ್ರಂಥಾಲಯಗಳು. ಇಂದು ಕೇರಳದಲ್ಲಿ ಗ್ರಂಥಾಲಯವಿಲ್ಲದ ಊರು ಅಪರೂಪ. ಆ ಕೆಲಸವನ್ನು ಊರಿನ ಜನ ಮಾಡಿದರು. ನಮ್ಮ ಮುಂದಿರುವುದು ಅದಕ್ಕಿಂತ ಚಿಕ್ಕ ಕೆಲಸ: ಒಂದು ಶಾಲೆ, ಒಂದು ಕೋಣೆ, ಒಂದು ಬೀರು. ಮುಂದಿನ ಪೋಷಕರ ಸಭೆಗೆ ಹೋದಾಗ ಉಳಿದ ಪ್ರಶ್ನೆಗಳ ಜೊತೆ ಬೀಗದ ಕೈ ಎಲ್ಲಿದೆ ಎಂಬ ಪ್ರಶ್ನೆಯನ್ನೂ ವಿನಯದಿಂದ ಕೇಳಿ. ತಮ್ಮ ಶಾಲೆಯಲ್ಲಿ ಏನಾಯಿತು ಎಂದು ನಮಗೆ ಬರೆದು ತಿಳಿಸಿ. ಒಂದು ಊರಿನವರು ಕಂಡುಕೊಂಡ ದಾರಿ ಇನ್ನೊಂದು ಊರಿಗೆ ಉಪಯೋಗವಾಗುತ್ತದೆ.